ಮರಳಿ ಏರಿದ ಮೋಟಾರು ಸೈಕಲ್ಲು



ಮೂವತ್ತು ವರ್ಷಕಾಲ ಶಾಲೆಯಲ್ಲಿ ಉತ್ತರಕುಮಾರನ ಕಥೆಯನ್ನು ಹೇಳಿ ಮಕ್ಕಳನ್ನು ನಗಿಸುತ್ತಿದ್ದವನು ನಾನು. ಅಂತಃಪುರದಲ್ಲಿ ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನೆಂಬಲ್ಲಿ ತರಗತಿಯೆಲ್ಲ ಘೊಳ್ಳೆಂದು ನಗುತ್ತಿದ್ದಿತು, ನಾನೂ ನಗುತ್ತಿದ್ದೆನು. ಅರುವತ್ತನೆಯ ವಯಸ್ಸಿನಲ್ಲಿ ನಾನೇ ಆ ಉತ್ತರನಾದ ಸಂಗತಿಯನ್ನು ಈ ತಿಂಗಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ನಮ್ಮ ಸೋಗಾನೆಯು ಶಿವಮೊಗ್ಗೆಗೂ ಭದ್ರಾವತಿಗೂ ನಡುವಣ ಗ್ರಾಮ. 2023ನೆಯ ಇಸವಿ ಫೆಬ್ರವರಿ 27ರಂದು ಇಲ್ಲಿ ವಿಮಾನನಿಲ್ದಾಣವು ಉದ್ಘಾಟಿತವಾದಂದಿನಿಂದ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಆದರೆ ವಿಮಾನವು ದೇಶಾಂತರಕ್ಕೆ ಮುಟ್ಟಿಸಬಲ್ಲುದೇ ಹೊರತು ಭದ್ರಾವತಿಯಲ್ಲಿರುವ ನನ್ನ ಅಕ್ಕನ ಮನೆಗೆ ಮುಟ್ಟಿಸಲಾರದಷ್ಟೆ. ಭಾವನವರು ತೀರಿಕೊಂಡ ಬಳಿಕ ಆಕೆಯು ಒಂಟಿಯಾಗಿರುವಳು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಬಚ್ಚಲುಮನೆಯಲ್ಲಿ ಜಾರಿಬಿದ್ದಳೆಂದು ನೆರೆಯವರು ಫೋನು ಮಾಡಿದರು. ಆಗ ಒಂಬತ್ತು ಗಂಟೆ. ನನಗೆ ಆಟೋ ದೊರೆತಾಗ ಹತ್ತೂವರೆ. ಬೆಂಗಳೂರಿಗೆ ಉದ್ಯೋಗಕ್ಕೆ ಹೋದ ಮಗನು ಬಿಟ್ಟುಹೋದ ಮೋಟಾರು ಸೈಕಲ್ಲು ಜಗಲಿಯ ಪಕ್ಕದಲ್ಲಿಯೇ ಇದ್ದಿತು; ಬೀಗದ ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದಿತು. ನಾನು ಅದನ್ನು ಮುಟ್ಟಲಿಲ್ಲ. ಅಕ್ಕನಿಗೆ ದೈವವಶಾತ್ ಹೆಚ್ಚು ಪೆಟ್ಟಾಗಿರಲಿಲ್ಲವಾದರೂ ಆ ಒಂದೂವರೆ ಗಂಟೆಯು ನನ್ನನ್ನು ಬಹುದಿನ ಬಾಧಿಸಿತು.

ನನಗೆ ವಾಹನ ನಡೆಯಿಸುವುದು ತಿಳಿಯದೆಂದಲ್ಲ. ಯೌವನದಲ್ಲಿ ನನ್ನಲ್ಲಿ ಯೆಜ್ಡಿ ಇದ್ದಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಈ ವಾಹನಗಳು ತಯಾರಾಗುತ್ತಿದ್ದುವು. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮಗುಚಿ ಗೇರಿನ ಸನ್ನೆಯನ್ನಾಗಿ ಮಾಡಿಕೊಳ್ಳುವ ಚಮತ್ಕಾರವು ಅದರಲ್ಲಿದ್ದಿತು. ಆ ಸನ್ನೆಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿಯೇ ಸಡಿಲವಾಗುತ್ತಿದ್ದುದರಿಂದ ಕೈಗೆ ಕೆಲಸವೇ ಕಡಮೆ.

2003ನೆಯ ಇಸವಿ ಜೂನ್ ತಿಂಗಳ ಮೊದಲ ಮಳೆಯಲ್ಲಿ, ತಿರುವೊಂದರಲ್ಲಿ, ನನ್ನ ಗೃಹಿಣಿಯು ಹಿಂದೆ ಕುಳಿತಿದ್ದಾಗ, ನಾವಿಬ್ಬರೂ ಬಿದ್ದೆವು. ನನಗೆ ಚರ್ಮ ತರೆದುದಷ್ಟೆ. ಆಕೆಯ ಎಡಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡ ಎಲುಬು ಇಂದಿಗೂ ಕೊಂಚ ಸೊಟ್ಟ. ಮರುವಾರವೇ ವಾಹನವನ್ನು ಮಾರಿದೆನು. ಪೆಟ್ರೋಲು ದುಬಾರಿಯಾಯಿತೆಂದು ಎಲ್ಲರಲ್ಲಿಯೂ ಹೇಳಿಕೊಂಡು ತಿರುಗಿದೆನು. ಅದು ಸುಳ್ಳು.

ಅಕ್ಕನು ಬಿದ್ದ ಬಳಿಕ ಒಂದು ದಿನ ಕುಳಿತು, ಪೂರ್ವಪಕ್ಷ ಸಿದ್ಧಾಂತಗಳನ್ನು ವಿಚಾರಿಸುವಂತೆ, ಅಂದಿನ ಪತನಕ್ಕೆ ಕಾರಣವೇನೆಂದು ವಿಚಾರಿಸಿದೆನು. ಬೇಸಗೆಯೆಲ್ಲ ರಸ್ತೆಯ ಮೇಲೆ ಕೂಡಿದ ಎಣ್ಣೆ ಧೂಳುಗಳು ಮೊದಲ ಮಳೆಯಲ್ಲಿ ತೇಲಿ ನೆಲವನ್ನು ಜಾರಿಸುವುವು. ಅಂತಹ ನೆಲದಲ್ಲಿ, ವಾಹನವು ಓರೆಯಾಗಿದ್ದಾಗ, ಎದುರಿಗೆ ಎಮ್ಮೆಯನ್ನು ಕಂಡು ನಾನು ಮುಂದಿನ ಬ್ರೇಕನ್ನು ಮುಷ್ಟಿಯಾಗಿ ಹಿಡಿದೆನು. ಚಕ್ರವು ಉರುಳುವುದನ್ನು ಬಿಟ್ಟು ಜಾರಿತು. ತಪ್ಪು ಎಮ್ಮೆಯದೂ ಅಲ್ಲ, ಯಂತ್ರದ್ದೂ ಅಲ್ಲ, ನನ್ನ ಕೈಯದು. ಕೈಯ ತಪ್ಪಾದರೆ ಕೈಯನ್ನು ತಿದ್ದಬಹುದಲ್ಲವೆ? ಕಾರಣವು ತಿಳಿದಂದು ಭಯದ ಅರ್ಧಭಾಗವು ಇಳಿಯಿತು.

ಉಳಿದರ್ಧವನ್ನು ಇಳಿಸಿದವನು ನನ್ನ ಹಳೆಯ ಶಿಷ್ಯ, ಈಗ ಗ್ಯಾರೇಜು ಇಟ್ಟುಕೊಂಡಿರುವವನು. ಟಯರಿಗೆ ಗಾಳಿ ತುಂಬಿ, ಬ್ಯಾಟರಿ ಬದಲಾಯಿಸಿ, “ಮೇಷ್ಟ್ರೇ, ಮೊದಲ ದಿನ ಓಡಿಸುವುದೇ ಬೇಡ. ಬಯಲಿನಲ್ಲಿ ತಳ್ಳಿಕೊಂಡು ನಾಲ್ಕು ಸುತ್ತು ಬನ್ನಿ” ಎಂದನು. ತಳ್ಳಿದೆನು, ಭಾರವು ಎತ್ತ ವಾಲುವುದೆಂಬುದು ಮೈಗೆ ತಿಳಿಯಿತು. ಎರಡನೆಯ ದಿನ ಕ್ಲಚ್ಚನ್ನು ಮೆಲ್ಲನೆ ಬಿಟ್ಟು, ವಾಹನವು ಹೊರಡುವ ಬಿಂದುವನ್ನು ಹುಡುಕುವುದು. ಯೆಜ್ಡಿಯ ಅಭ್ಯಾಸದಿಂದ ಕೈಯು ಮರೆಯುತ್ತಿದ್ದಿತು. ಎಂಜಿನ್ನು ಹನ್ನೊಂದು ಸಲ ನಿಂತಿತು. ಶಿಷ್ಯನು ನಗಲಿಲ್ಲ. ಮೂರನೆಯ ದಿನ ಮೊದಲನೆಯ ಗೇರಿನಲ್ಲಿ ಸುತ್ತುವಾಗ ಒಂದು ಕಲ್ಲನ್ನು ತಪ್ಪಿಸಬೇಕೆಂದು ಅದನ್ನೇ ದಿಟ್ಟಿಸಿದೆನು. ನೇರವಾಗಿ ಅದಕ್ಕೇ ಹೋಗಿ ಮುಟ್ಟಿದೆನು. “ಕಲ್ಲು ನೋಡಬೇಡಿ ಮೇಷ್ಟ್ರೇ, ಹೋಗಬೇಕಾದ ಕಡೆ ನೋಡಿ” ಎಂದನು. ಕಣ್ಣು ಎತ್ತಲೋ ಬಂಡಿಯೂ ಅತ್ತಲೇ.

ಬಳಿಕ ಒಂದು ವಾರವೆಲ್ಲ ಬ್ರೇಕಿನ ಪಾಠ. ವಾಹನವು ನಿಲ್ಲುವಾಗ ಭಾರವು ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಬ್ರೇಕಿನಲ್ಲಿಯೇ ಇರುವುದು. ಅದನ್ನು ಬಿಟ್ಟರೆ ವಾಹನ ನಿಲ್ಲದು. ಮುಷ್ಟಿಯಾಗಿ ಹಿಡಿದರೆ ಜಾರುವುದು. ನಿಂಬೆಹಣ್ಣು ಹಿಂಡುವಂತೆ ಮೊದಲು ಮೆಲ್ಲಗೆ, ಬಳಿಕ ಬಲವಾಗಿ ಒತ್ತತಕ್ಕದ್ದು, ಜೊತೆಗೆ ಹಿಂದಿನದನ್ನೂ, ಅದೂ ತಿರುವಿಗೆ ಮೊದಲೇ. 125 ಸಿ.ಸಿ.ಗೆ ಮೀರಿದ ಹೊಸ ವಾಹನಗಳೆಲ್ಲಕ್ಕೂ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಎಂಬ ಸಾಧನವು ಕಡ್ಡಾಯವಾಗಿದ್ದು, ಚಕ್ರವು ಹಿಡಿದುಕೊಳ್ಳುವಷ್ಟರಲ್ಲಿ ಅದು ಬ್ರೇಕನ್ನು ಸಡಿಲಿಸಿ ಮತ್ತೆ ಒತ್ತುವುದು. ಮಗನ ವಾಹನದಲ್ಲಿ ಅದಿರುವುದು ನನಗೆ ಧೈರ್ಯವೇ. ಆದರೆ ಕೆಸರಿನಲ್ಲಿ ಅವಸರ ಮಾಡಿದವನನ್ನು ಯಾವ ಸಾಧನವೂ ಕಾಯಲಾರದು.

ಇಷ್ಟಾದರೂ ನಾನು ರಸ್ತೆಗೆ ಇಳಿಯಲಿಲ್ಲ. ಪರವಾನಗಿಯ ಅವಧಿಯು ತೀರಿ ಒಂದು ವರ್ಷಕ್ಕೆ ಮೀರಿದ್ದಿತಾದುದರಿಂದ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಐವತ್ತೈದು ದಾಟಿದವರಿಗೆ ಒಂದು ಸಲಕ್ಕೆ ಐದು ವರ್ಷದ ಪರವಾನಗಿ. ಮಕ್ಕಳನ್ನು ಪರೀಕ್ಷಿಸುತ್ತಿದ್ದವನು ಮೊಮ್ಮಗನ ವಯಸ್ಸಿನ ಹುಡುಗರ ಸಾಲಿನಲ್ಲಿ ನಿಂತು ಉತ್ತೀರ್ಣನಾದೆನು.

ಮೊದಲು ಭದ್ರಾವತಿಗೆ ಹೊರಟುದು ಒಂದು ಭಾನುವಾರ ಬೆಳಗಿನ ಆರು ಗಂಟೆಗೆ. ಎಂಟು ಕಿಲೋಮೀಟರಿನಷ್ಟು ದಾರಿಗೆ ಅರ್ಧಗಂಟೆ ಹಿಡಿಯಿತು. ಲಾರಿಯೊಂದು ದಾಟಿಹೋದಾಗ ಅಂಗೈ ಬೆವರಿತು. ಪಕ್ಕಕ್ಕೆ ನಿಲ್ಲಿಸಿ, ಉಸಿರು ಸಮನಾದ ಮೇಲೆ ಮುಂದುವರಿದೆನು. ಬಾಗಿಲು ತೆರೆದ ಅಕ್ಕನು, “ಇಷ್ಟು ಬೇಗ ಬಸ್ಸು ಸಿಕ್ಕಿತೇನೋ?” ಎಂದಳು.

ಉತ್ತರನ ಕಥೆಯಲ್ಲಿ ನಾನು ಅಷ್ಟು ವರ್ಷ ಗಮನಿಸದೆ ಬಿಟ್ಟ ಒಂದಂಶವಿದೆ. ಓಡಿದವನನ್ನು ಹಿಡಿದು ತಂದ ಅರ್ಜುನನು ಅವನ ಕೈಗೆ ಬಿಲ್ಲನ್ನು ಕೊಡಲಿಲ್ಲ. ಕುದುರೆಗಳ ಹಗ್ಗವನ್ನು ಕೊಟ್ಟನು. ಅವನಿಂದ ಆಗುವಷ್ಟು ಕೆಲಸವನ್ನು ಕೊಟ್ಟನೆಂದರ್ಥ. ಆ ಕೆಲಸದಲ್ಲಿಯೇ ಹುಡುಗನ ನಡುಕವು ನಿಂತಿತು. ನನ್ನ ತರಗತಿಯಲ್ಲಿ ಶ್ಲೋಕ ಹೇಳಲು ನಿಂತು ನಡುಗಿದ ಮಕ್ಕಳೆಷ್ಟು ಮಂದಿ! “ಹೆದರಬೇಡ” ಎಂದು ಗದರಿದೆನೇ ಹೊರತು, ಮೊದಲು ಒಂದು ಪಾದವನ್ನು ಮಾತ್ರ ಹೇಳೆಂದು ನಾನು ಹೇಳಿದುದು ಕಡಮೆ. ಗ್ಯಾರೇಜಿನ ಹುಡುಗನು ಗುರುವಿಗಿಂತ ಒಳ್ಳೆಯ ಗುರುವಾದನು. ಆದುದರಿಂದ ಮನೆಯಲ್ಲಿ ಯಾರಾದರೂ, ಹಿರಿಯರಾಗಲಿ ಕಿರಿಯರಾಗಲಿ, ಬಿಟ್ಟ ಕೆಲಸವನ್ನು ಮರಳಿ ಹಿಡಿಯಲು ಅಂಜಿದರೆ, ಅವರನ್ನು ನಗಬೇಡಿರಿ, ಗದರಬೇಡಿರಿ; ಅಂದಿಗೆ ಆಗುವಷ್ಟನ್ನು ಅವರ ಕೈಗೆ ಕೊಡಿರಿ.

ಮೂರು ತಿಂಗಳು ನಾನೊಬ್ಬನೇ ಹೋಗಿಬಂದೆನು. ಹಿಂದೆ ಕುಳಿತುಕೊಳ್ಳೆಂದು ಮನೆಯಾಕೆಯನ್ನು ಕರೆಯಲು ನನಗೆ ಬಾಯಿ ಬರಲಿಲ್ಲ, ಆಕೆಯೂ ಕೇಳಲಿಲ್ಲ. ಮೊನ್ನೆ ಹೊರಡುವ ಹೊತ್ತಿಗೆ ಚಿತ್ರಾನ್ನದ ಡಬ್ಬಿಯನ್ನು ಹಿಡಿದು ಹೊರಗೆ ಬಂದವಳು, “ನನಗೊಂದು ಹೆಲ್ಮೆಟ್ಟು ತಂದಿಲ್ಲವೇನು ನೀವು?” ಎಂದಳು.

ತಂದಿದ್ದೆನು. ಎರಡು ತಿಂಗಳ ಹಿಂದೆಯೇ ತಂದು ಬೀರುವಿನ ಮೇಲೆ ಇಟ್ಟಿದ್ದೆನು.