ಕೆಂಪು ಗಾಜು ಕೆಂಪನ್ನು ತರುವುದಿಲ್ಲ

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಪುಣೆಯ ಗೆಳೆಯರು ಮಾಲ್ವಣಕ್ಕೆ ಹೊರಟಿರುತ್ತಾರೆ, ಚೆನ್ನೈಯವರು ಅಂಡಮಾನಿಗೆ, ರಜೆಗೆ ಊರಿಗೆ ಹೋದವರು ಮುರುಡೇಶ್ವರದಿಂದ ನೇತ್ರಾಣಿಗೆ. "ನೀರೊಳಗೆ ತೆಗೆದ ಫೋಟೊ ಎಲ್ಲಾ ಬರೀ ನೀಲಿ ಬರುತ್ತಂತೆ ಮಾರಾಯ, ಆ ಕೆಂಪು ಫಿಲ್ಟರ್ ತಗೊಳ್ಳಲಾ?" ತಗೋ ಅನ್ನುವುದು ಸುಲಭ. ಆದರೆ ಆ ಪುಟ್ಟ ಗಾಜು ಏನು ಮಾಡುತ್ತದೆ, ಏನು ಮಾಡಲಾರದು ಎಂದು ತಿಳಿಯದೆ ಕೊಂಡರೆ ಅದು ನೀರಲ್ಲಿ ಮಾಡಿದ ಹೋಮವೇ ಸರಿ.

ಮೊದಲು ನೀರಿನ ಕತೆ ನೋಡೋಣ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ನೀರು ಅವನ್ನೆಲ್ಲ ಒಂದೇ ಸಮನಾಗಿ ಒಳಗೆ ಬಿಡುವುದಿಲ್ಲ. ಮೊದಲು ಕೆಂಪನ್ನು ನುಂಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಶುದ್ಧ ನೀರಿನಲ್ಲಿ 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು 5 ಮೀಟರ್ ಸಾಗುವಷ್ಟರಲ್ಲಿ ಐದರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. 10 ಮೀಟರ್ ಆಗುವಾಗ ನೂರಕ್ಕೆ ಮೂರರಷ್ಟು ಉಳಿದರೆ ಹೆಚ್ಚು. ಅಷ್ಟೇ ದೂರ ಸಾಗಿದ ನೀಲಿ ಬೆಳಕು ಮಾತ್ರ ನೂರಕ್ಕೆ ತೊಂಬತ್ತರಷ್ಟು ಹಾಗೇ ಇರುತ್ತದೆ. ಇನ್ನೂ ಆಳಕ್ಕೆ ಇಳಿದವರ ಬೆರಳು ಗೀರಿದರೆ ರಕ್ತ ಹಸಿರಾಗಿ ಕಾಣುವುದು ಇದೇ ಕಾರಣಕ್ಕೆ.

ಇಲ್ಲಿ ಹಲವರು ಮರೆಯುವ ಒಂದು ಲೆಕ್ಕವಿದೆ. ಆಳ ಮಾತ್ರವಲ್ಲ, ದೂರವೂ ಸೇರುತ್ತದೆ. ಹವಳ 8 ಮೀಟರ್ ಆಳದಲ್ಲಿದ್ದು, ನೀವು ಅದರಿಂದ 4 ಮೀಟರ್ ದೂರದಲ್ಲಿದ್ದರೆ, ಬೆಳಕು ನಿಮ್ಮ ಕ್ಯಾಮೆರಾ ಮುಟ್ಟಲು ಒಟ್ಟು 12 ಮೀಟರ್ ನೀರನ್ನು ದಾಟಿ ಬರಬೇಕು. ಹಾಗಾಗಿ ಯಾವ ಫಿಲ್ಟರಿಗಿಂತಲೂ ಮೊದಲ ಔಷಧ ಹತ್ತಿರ ಹೋಗುವುದು. ಅದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಈಗ ಫಿಲ್ಟರ್. ಹೆಸರು ಕೇಳಿದರೆ ಅದು ಚಿತ್ರಕ್ಕೆ ಕೆಂಪು ಬಣ್ಣ ಸೇರಿಸುತ್ತದೆ ಅನ್ನಿಸುತ್ತದೆ. ನಿಜವಾಗಿ ಅದು ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತದೆ. ಮದುವೆ ಮನೆಯಲ್ಲಿ ಡೋಲು ಬಡಿಯುತ್ತಿರುವಾಗ ಮೂಲೆಯಲ್ಲಿ ಯಾರೋ ಕೊಳಲು ನುಡಿಸುತ್ತಿದ್ದಾರೆ ಎಂದುಕೊಳ್ಳಿ. ಫಿಲ್ಟರ್ ಕೊಳಲನ್ನು ಜೋರು ಮಾಡುವುದಿಲ್ಲ, ಡೋಲಿನವನನ್ನು ಸ್ವಲ್ಪ ಸುಮ್ಮನಾಗಿಸುತ್ತದೆ. ನೀಲಿ, ಹಸಿರು ಬೆಳಕಿನ ಬಹುಪಾಲನ್ನು ತಡೆದು, ಉಳಿದಿರುವ ಚೂರುಪಾರು ಕೆಂಪನ್ನು ಒಳಗೆ ಬಿಡುತ್ತದೆ. ಹಾಗೆ ತಡೆದಾಗ ಒಟ್ಟು ಬೆಳಕೂ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸ್ಟಾಪ್, ಅಂದರೆ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಅಥವಾ ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ನಿಮ್ಮ ಕೈಗೆ.

"ಇಷ್ಟಕ್ಕೆ ಫಿಲ್ಟರ್ ಯಾಕೆ, ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿ ಮಾಡಿದರಾಯಿತು" ಎನ್ನುವವರು ನನ್ನ ಆಫೀಸಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ರಾ ಫೈಲಿನಲ್ಲಿ ತೆಗೆದಿದ್ದರೆ ಅದು ಅರ್ಧ ನಿಜ. ನೀಲಿ ಉಕ್ಕಿ ಹೋಗದಂತೆ ಎಕ್ಸ್‌ಪೋಶರ್ ಇಟ್ಟಾಗ ಕೆಂಪಿನ ಚಾನೆಲ್ಲಿಗೆ ಸಿಗುವುದು ತಳದ ಗಂಜಿ. ಅದನ್ನು ಹತ್ತು ಪಟ್ಟು ಹಿಗ್ಗಿಸಿದರೆ ಬಣ್ಣದ ಜೊತೆ ಕಾಳುಕಾಳಾದ ನಾಯ್ಸ್ ಕೂಡ ಹತ್ತು ಪಟ್ಟು ಹಿಗ್ಗುತ್ತದೆ. ಫಿಲ್ಟರ್ ಹಾಕಿದಾಗ ನೀಲಿ ತಗ್ಗುವುದರಿಂದ ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು, ಆಗ ಕೆಂಪಿಗೂ ನಿಜವಾದ ಪಾಲು ಸಿಗುತ್ತದೆ. ಆದರೆ ಮೋಡ ಕವಿದ ದಿನ ಆ ಹೆಚ್ಚಿನ ಬೆಳಕೇ ಇರುವುದಿಲ್ಲ. ಆಗ ಕ್ಯಾಮೆರಾ ತಾನಾಗಿ ಐಎಸ್‌ಒ ಏರಿಸುತ್ತದೆ, ಬಾಗಿಲಿನಿಂದ ಓಡಿಸಿದ ನಾಯ್ಸ್ ಕಿಟಕಿಯಿಂದ ಬಂದು ಕೂರುತ್ತದೆ. ಫಿಲ್ಟರ್ ಬಿಸಿಲಿನ ಗೆಳೆಯ, ಅಷ್ಟೇ.

ಇಷ್ಟು ಗೊತ್ತಾದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಎರಡು ಮೂರು ಮೀಟರ್ ಆಳದಲ್ಲಿ ಸ್ನಾರ್ಕೆಲ್ ಮಾಡುವವರಿಗೆ ಗಾಢ ಕೆಂಪು ಫಿಲ್ಟರ್ ಬೇಡ, ಮುಖವೆಲ್ಲ ಕುಂಕುಮ ಬಳಿದಂತೆ ಬರುತ್ತದೆ. ಸುಮಾರು 5ರಿಂದ 15 ಮೀಟರ್ ಅದರ ರಾಜ್ಯ. ಮೊದಲ ಸಲ ಸ್ಕೂಬಾ ಮಾಡುವವರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲವಾದ್ದರಿಂದ ನಮ್ಮಂಥವರಿಗೆ ಅದು ಸಾಕು. 20 ಮೀಟರ್ ದಾಟಿದ ಮೇಲೆ ಕೊಳಲಿನವನೇ ಎದ್ದು ಹೋಗಿರುತ್ತಾನೆ. ಫಿಲ್ಟರ್ ಹಾಕಿದರೆ ಚಿತ್ರ ಕಪ್ಪಾಗುತ್ತದೆ ಹೊರತು ಕೆಂಪಾಗುವುದಿಲ್ಲ. ಸೂರ್ಯ ಬೆನ್ನ ಹಿಂದೆ ಇರಲಿ. ಮೇಲ್ಮುಖವಾಗಿ ತೆಗೆದರೆ ನೀರಿನ ಮೇಲ್ಮೈ ಕೆಂಪಡರುತ್ತದೆ. ಫ್ಲ್ಯಾಶ್ ಬಳಸುವುದಾದರೆ ಫಿಲ್ಟರ್ ತೆಗೆದಿಡಿ. ಫ್ಲ್ಯಾಶಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ, ಆದರೆ ಅದರ ಬಣ್ಣ ತಲುಪುವುದು ಒಂದೂವರೆ ಮೀಟರ್‌ನಷ್ಟೇ. ಹತ್ತಿರದ ಮೀನಿಗೆ ಫ್ಲ್ಯಾಶ್, ಅಗಲವಾದ ಹವಳದ ದಿಬ್ಬಕ್ಕೆ ಫಿಲ್ಟರ್.

ನೀರಿನ ಬಣ್ಣವನ್ನೂ ನೋಡಿ ಕೊಳ್ಳಬೇಕು. ಅಂಡಮಾನ್, ಲಕ್ಷದ್ವೀಪಗಳ ತಿಳಿನೀಲಿ ನೀರಿಗೆ ಕೆಂಪು ಫಿಲ್ಟರ್ ಹೊಂದುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ, ಅಂದರೆ ಮಾಲ್ವಣ, ಗೋವಾ, ನೇತ್ರಾಣಿಗಳಲ್ಲಿ, ನೀರು ಹಲವು ದಿನ ಹಸಿರು ಬಣ್ಣದ್ದು. ಸೂಕ್ಷ್ಮ ಸಸ್ಯಗಳು ಅದಕ್ಕೆ ಕಾರಣ. ಅಲ್ಲಿ ಹಸಿರನ್ನು ತಡೆಯುವ ಮಜೆಂಟಾ ಫಿಲ್ಟರ್ ಬೇಕು. ಅಂಗಡಿಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಬಂದರೆ ಯಾವುದನ್ನು ಎಲ್ಲಿ ಹಾಕಬೇಕು ಎಂಬ ಗೊಂದಲ ಇನ್ನು ಬೇಡ.

ಇಷ್ಟೆಲ್ಲ ಮಾಡಿ ಬಂದ ಚಿತ್ರ ನಿಜವೇ? ನನಗೆ ಇದು ತಮಾಷೆಯ ಪ್ರಶ್ನೆಯಲ್ಲ. ಕಡಲು ಹೆಚ್ಚು ಬಿಸಿಯಾದಾಗ ಹವಳ ತನ್ನೊಳಗೆ ಸಾಕಿಕೊಂಡ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆ ಪಾಚಿಯೇ ಅದರ ಬಣ್ಣ, ಅದರ ಅನ್ನ. 2024ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿದವು. ಫಿಲ್ಟರ್ ಇಲ್ಲದ ಚಿತ್ರದಲ್ಲಿ ಅಂಥ ಹವಳ ತಿಳಿನೀಲಿಯಾಗಿ, ಚೆಂದವಾಗಿಯೇ ಕಾಣುತ್ತದೆ. ಫೋನಿನ ಆಪ್ ಒಂದೇ ಒತ್ತಿಗೆ "ಸರಿ" ಮಾಡಿಕೊಟ್ಟಾಗ ಗುಲಾಬಿ ಕೆನ್ನೆಯ ಆರೋಗ್ಯವಂತನಾಗಿ ಕಂಡರೂ ಕಾಣಬಹುದು. ರೋಗಿಗೆ ಪೌಡರ್ ಬಳಿದು ಫೋಟೊ ತೆಗೆದಂತೆ.

ಅದಕ್ಕೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆಯವರು ಒಂದು ಸರಳ ಬಣ್ಣದ ಪಟ್ಟಿ ಮಾಡಿದ್ದಾರೆ. ಒಂದೊಂದು ಬಣ್ಣಕ್ಕೂ ತಿಳಿಯಿಂದ ಗಾಢದವರೆಗೆ 1ರಿಂದ 6 ಅಂಕಿಗಳು. ಹವಳದ ಪಕ್ಕ ಹಿಡಿದು, ಹೋಲಿಸಿ, ಅಂಕಿ ಬರೆದುಕೊಂಡರಾಯಿತು. ಪಟ್ಟಿ, ಹವಳ ಎರಡರ ಮೇಲೂ ಬೀಳುವುದು ಒಂದೇ ಬೆಳಕು, ಹಾಗಾಗಿ ನೀರಿನ ಮೋಸ ಇಬ್ಬರಿಗೂ ಸಮ. 2019ರಲ್ಲಿ ಡೆರ್ಯಾ ಅಕ್ಕಾಯ್ನಾಕ್ ಮತ್ತು ತಾಲಿ ಟ್ರೈಬಿಟ್ಸ್ ಪ್ರಕಟಿಸಿದ 'ಸೀ-ಥ್ರೂ' ಎಂಬ ವಿಧಾನವೂ ಬಣ್ಣವನ್ನು ಅಂದಾಜಿಗೆ ಬಳಿಯುವುದಿಲ್ಲ. ಚಿತ್ರದ ಪ್ರತಿ ಬಿಂದು ಎಷ್ಟು ದೂರದ್ದು ಎಂದು ತಿಳಿದುಕೊಂಡು, ಅಷ್ಟು ನೀರು ನುಂಗಿದ್ದನ್ನು ಲೆಕ್ಕ ಹಾಕಿ ಹಿಂದಿರುಗಿಸುತ್ತದೆ.

ನಮಗೆ ಅಷ್ಟೆಲ್ಲ ಬೇಡ. ನಾನು ಗೆಳೆಯರಿಗೆ ಹೇಳುವುದು ಇಷ್ಟು: ಅಂಗೈಯಗಲದ ಒಂದು ಬಿಳಿ ಪ್ಲಾಸ್ಟಿಕ್ ಸ್ಲೇಟು ಜೊತೆಗಿರಲಿ, ದಾರ ಕಟ್ಟಿ ಕೈಗೆ ಬಿಗಿದುಕೊಳ್ಳಿ. ಮೂರು ನಾಲ್ಕು ಮೀಟರ್ ಕೆಳಗಿಳಿದಾಗಲೆಲ್ಲ ಅದನ್ನು ತೋರಿಸಿ ವೈಟ್ ಬ್ಯಾಲೆನ್ಸ್ ಮತ್ತೆ ಹೊಂದಿಸಿ. ಹವಳದ ಚಿತ್ರಗಳಲ್ಲಿ ಒಂದರಲ್ಲಾದರೂ ಆ ಸ್ಲೇಟು ಮೂಲೆಯಲ್ಲಿ ಕಾಣಲಿ. ಮನೆಗೆ ಬಂದು ಬಣ್ಣ ತಿದ್ದುವಾಗ ಸ್ಲೇಟು ಬಿಳಿಯಾದ ಕೂಡಲೇ ಕೈ ನಿಲ್ಲಿಸಿ. ಆಮೇಲೂ ಹವಳ ಬಿಳಿಯಾಗಿಯೇ ಕಂಡರೆ ಅದನ್ನು ಹಾಗೇ ಬಿಡಿ. ಅದು ನಿಮ್ಮ ಕ್ಯಾಮೆರಾದ ದೋಷವಲ್ಲ, ಆ ಕಡಲಿನ ಸುದ್ದಿ.