ಹಿಂಡುವ ಮೊದಲು ತಟ್ಟೆ ನೋಡಿ

ಮೊದಲೇ ಹೇಳಿಬಿಡ್ತೀನಿ, ತಿಂಡಿ ತಿನ್ನುತ್ತಾ ಓದುವಂಥ ವಿಷಯ ಅಲ್ಲ ಇದು. ನಾಯಿ ಸಾಕಿದವರಿಗೆ ಆ ವಾಸನೆ ಗೊತ್ತೇ ಇರುತ್ತದೆ. ಕೊಳೆತ ಮೀನಿನ ಜೊತೆ ತುಕ್ಕು ಹಿಡಿದ ಕಬ್ಬಿಣ ಸೇರಿಸಿದ ಹಾಗೆ. ಸೋಫಾ ಮೇಲೆ ಒಂದು ಹನಿ ಬಿತ್ತೋ, ಎರಡು ದಿನ ಮನೆಗೆ ಯಾರನ್ನೂ ಕರೆಯುವ ಹಾಗಿಲ್ಲ.

ನಾಯಿಯ ಗುದದ ಎರಡು ಪಕ್ಕ, ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ 4 ಗಂಟೆ ಮತ್ತು 8 ಗಂಟೆಯ ಜಾಗದಲ್ಲಿ, ಚರ್ಮದ ಒಳಗೆ ಒಂದೊಂದು ಪುಟ್ಟ ಚೀಲ ಇರುತ್ತದೆ. ಅದರೊಳಗಿನ ದ್ರವವೇ ಈ ವಾಸನೆಯ ಮೂಲ. ನಾಯಿಗಳು ಒಂದರ ಹಿಂದೆ ಒಂದು ಮೂಸಿಕೊಂಡು ಓಡಾಡುತ್ತವಲ್ಲ, ಅವು ಓದುತ್ತಿರುವ ವಿಳಾಸಗಳಲ್ಲಿ ಇದೂ ಒಂದು. ಗಟ್ಟಿಯಾದ ಮಲ ಹೊರಗೆ ಬರುವಾಗ ಈ ಚೀಲಗಳನ್ನು ಒತ್ತುತ್ತದೆ, ದ್ರವ ಸಣ್ಣ ನಾಳದ ಮೂಲಕ ತಾನಾಗೇ ಖಾಲಿಯಾಗುತ್ತದೆ. ಮಲ ಮೆತ್ತಗಿದ್ದರೆ ಒತ್ತಡ ಸಾಲದು. ದ್ರವ ಒಳಗೇ ಉಳಿದು, ಅಂಟಿನ ಹಾಗೆ ಗಟ್ಟಿಯಾಗಿ, ನಾಳ ಕಟ್ಟಿಕೊಳ್ಳುತ್ತದೆ. ಆಮೇಲೆ ಸೋಂಕು, ಕೀವು. ಕೆಲವು ಸಲ ಚರ್ಮ ಒಡೆದು ರಕ್ತ ಸೋರುವ ತನಕ ಹೋಗುತ್ತದೆ. ನಾಯಿ ಪಾಪ, ಅದಕ್ಕೂ ಎಷ್ಟೋ ಮೊದಲಿಂದ ನೆಲಕ್ಕೆ ಕುಂಡಿ ಉಜ್ಜಿಕೊಂಡು ಹೇಳ್ತಾನೇ ಇರುತ್ತೆ. ನಾವು ಅದನ್ನ ವಿಡಿಯೋ ಮಾಡಿ ನಗ್ತಾ ಇರ್ತೀವಿ.

ನಗದವರು ಹೇಳೋದು ಒಂದೇ ಮಾತು: "ಜಂತುಹುಳ ಇರ್ಬೇಕು, ಮಾತ್ರೆ ಹಾಕಿ." ಇರಬಹುದು, ಇಲ್ಲ ಅನ್ನಲ್ಲ. ಲಾಡಿಹುಳ ಇದ್ದರೆ ಅದರ ತುಣುಕುಗಳು ಒಣಗಿದ ಅಕ್ಕಿಕಾಳಿನ ಥರ ಬಾಲದ ಕೆಳಗೆ ಅಂಟಿಕೊಂಡಿರುತ್ತವೆ. ಆದರೆ ಮಾತ್ರೆ ಹಾಕಿದ ಮೇಲೂ ಉಜ್ಜುವುದು ನಿಲ್ಲದಿದ್ದರೆ ಇನ್ನೊಂದು ಮಾತ್ರೆ ಹಾಕುವ ಬದಲು ಈ ಚೀಲಗಳನ್ನ ಪರೀಕ್ಷೆ ಮಾಡಿಸಬೇಕು.

ಈಗ ನನ್ನ ತಕರಾರಿಗೆ ಬರ್ತೀನಿ. ಬೆಂಗಳೂರಿನಲ್ಲಿ ನಾಯಿಗೆ ಸ್ನಾನ ಮಾಡಿಸುವ ಅಂಗಡಿಗಳ ಪಟ್ಟಿ ನೋಡಿ. ಉಗುರು ಕತ್ತರಿಸೋದು, ಕಿವಿ ಕ್ಲೀನ್ ಮಾಡೋದು, ಅದರ ಜೊತೆಗೇ ಈ ಗ್ರಂಥಿ ಹಿಂಡೋದು. ಬಂದ ನಾಯಿಗೆಲ್ಲ, ಬೇಕಿದ್ದರೂ ಇಲ್ಲದಿದ್ದರೂ. ನಮ್ಮ ಗುಂಡ (6 ಕೆಜಿಯ ಶಿಟ್ಜು, ಹೆಸರಿಗೆ ತಕ್ಕ ದೇಹ ಇಲ್ಲ) ಮೂರು ವಾರಕ್ಕೊಮ್ಮೆ ಹಿಂಡಿಸಿಕೊಂಡು ಬರ್ತಿದ್ದ. ಮೂರು ವಾರ ಆಗುತ್ತಿದ್ದ ಹಾಗೆ ಮತ್ತೆ ಉಜ್ಜೋಕೆ ಶುರು. "ಕೆಲವು ನಾಯಿಗಳಿಗೆ ಹೀಗೇ ಸಾರ್, ಲೈಫ್ ಲಾಂಗ್ ಮಾಡಿಸ್ಬೇಕು" ಅಂದ ಅಂಗಡಿಯ ಹುಡುಗ, ಬಹಳ ಸಮಾಧಾನದಿಂದ. ನಮ್ಮ ಕಸುಬಿನಲ್ಲಿ ಇದಕ್ಕೆ ಒಂದು ಸಮಾನಾಂತರ ಇದೆ: ಮೆಮೊರಿ ಲೀಕ್ ಆಗ್ತಿರೋ ಸರ್ವರ್‌ನ ದಿನಾ ರಾತ್ರಿ ರೀಸ್ಟಾರ್ಟ್ ಮಾಡೋದಕ್ಕೆ ಸ್ಕ್ರಿಪ್ಟ್ ಬರೆದಿಟ್ಟು "ಸಮಸ್ಯೆ ಪರಿಹಾರ ಆಗಿದೆ" ಅಂತ ಟಿಕೆಟ್ ಮುಚ್ಚೋದು. ತುಂಬಿ ಕಟ್ಟಿಕೊಂಡ ಚೀಲವನ್ನು ಖಾಲಿ ಮಾಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರೋಗ್ಯವಾಗಿರೋ ಚೀಲವನ್ನ ಪದೇ ಪದೇ ಹೊರಗಿನಿಂದ ಹಿಂಡಿದರೆ ಅದೇ ಊದಿಕೊಳ್ಳಬಹುದು. ತುಂಬಿರೋ ಚೀಲವನ್ನೂ ಹೊರಗಿನಿಂದ ಹಿಂಡಿದರೆ ಪೂರ್ತಿ ಖಾಲಿಯಾಗುತ್ತೆ ಅನ್ನೋ ಖಾತ್ರಿ ಇಲ್ಲ. ಕೈಗವಸು ಹಾಕಿ ಒಳಗಿನಿಂದ ಮುಟ್ಟಿ ನೋಡೋದು ಪಶುವೈದ್ಯರ ಕೆಲಸ. ಶಾಂಪೂ ಹಾಕುವ ಹುಡುಗನದಲ್ಲ.

ಇದು ಅಪರೂಪದ ಕಾಯಿಲೆ ಏನೂ ಅಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಒಂದು ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವರ್ಷಕ್ಕೆ ನೂರರಲ್ಲಿ ಸುಮಾರು 4 ನಾಯಿಗಳಿಗೆ ಈ ತೊಂದರೆ. ಚಪ್ಪಟೆ ಮೂತಿಯ ತಳಿಗಳಿಗೆ ಇನ್ನೂ ಜಾಸ್ತಿ. ನಮ್ಮ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಯಾವ ನಾಯಿ ಸಿಗುತ್ತೆ ಹೇಳಿ? ಶಿಟ್ಜು, ಪಗ್, ಮತ್ತೊಂದು ಶಿಟ್ಜು.

ಆ ಚಪ್ಪಟೆ ಮೂತಿ ಉಣ್ಣೋದು ಏನನ್ನ? ಮೊಸರನ್ನ, ಹಾಲನ್ನ, ಮಧ್ಯೆ ಮಧ್ಯೆ ಗ್ಲೂಕೋಸ್ ಬಿಸ್ಕತ್ತು. ಪ್ರೀತಿಗೇನೂ ಕಮ್ಮಿ ಇಲ್ಲ. ಆದರೆ ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕಡಿಮೆ. ಮೊಸರು ಹಾಲಿಗಿಂತ ವಾಸಿ, ಆದರೂ ಎಲ್ಲ ಹೊಟ್ಟೆಗೂ ಒಗ್ಗಲ್ಲ. ಇನ್ನು ಪಾಲಿಶ್ ಮಾಡಿದ ಅಕ್ಕಿ... ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆಗೆದು ನೋಡಿ. 100 ಗ್ರಾಂ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ನಾರು ನೀರು ಹಿಡಿದಿಟ್ಟುಕೊಂಡು ಮಲಕ್ಕೆ ಗಾತ್ರ ಕೊಡುತ್ತದೆ, ಆ ಗಾತ್ರವೇ ಚೀಲಗಳನ್ನ ಒತ್ತಬೇಕಾದದ್ದು. ತುಮಕೂರು ಕಡೆಯ ನಮ್ಮಜ್ಜಿ ಮನೆಯ ನಾಯಿ ಮಿಕ್ಕ ಮುದ್ದೆ ತಿಂದೇ ಬದುಕಿತ್ತು. ಅದಕ್ಕೆ ಈ ಕಾಯಿಲೆ ಇರಲೇ ಇಲ್ಲ ಅಂತ ಹೇಳಿ "ನಮ್ಮ ಪೂರ್ವಜರ ವಿಜ್ಞಾನ" ಅನ್ನೋ ರಾಗ ಎಳೆಯಲ್ಲ. ಆ ನಾಯಿಯ ಬಾಲ ಎತ್ತಿ ನೋಡಿದವರಾದ್ರೂ ಯಾರು?

ನಮ್ಮ ಡಾಕ್ಟರಮ್ಮ ಗುಂಡನ ಕುಂಡಿಗಿಂತ ಮೊದಲು ಕೇಳಿದ್ದು ಅವನ ಕಕ್ಕದ ಬಗ್ಗೆ. ಮಲಕ್ಕೆ 1ರಿಂದ 7ರವರೆಗೆ ಅಂಕ ಕೊಡುವ ಚಾರ್ಟೊಂದಿದೆ ಸ್ವಾಮೀ! 1 ಅಂದರೆ ಕಲ್ಲು, 7 ಅಂದರೆ ನೀರು, 2 ಅಂದರೆ ಆದರ್ಶ ಪುರುಷ. ಗುಂಡನದ್ದು ಹೆಚ್ಚು ಕಮ್ಮಿ ದಿನಾ 4 ಅಥವಾ 5. ಸ್ಪ್ರೆಡ್‌ಶೀಟ್ ತೆರೆದೆ, ತಂಗಿ ಒಂದು ವಾರ ನಗಾಡಿದಳು. ಊಟ ಬದಲಾಯಿಸಿದ್ದು ಒಂದೇ ದಿನದಲ್ಲಲ್ಲ, ಹತ್ತು ದಿನದ ಮೇಲೆ ನಿಧಾನಕ್ಕೆ. ಬೇಯಿಸಿದ ಕೋಳಿ, ಚೆನ್ನಾಗಿ ಬೆಂದ ರಾಗಿ, ಉಪ್ಪು-ಒಗ್ಗರಣೆ ಇಲ್ಲದೆ ಬೇಯಿಸಿದ ಸಿಹಿಗುಂಬಳ ಒಂದು ದೊಡ್ಡ ಚಮಚ, ಕೆಲವು ದಿನ ಬೀನ್ಸ್. ಡಾಕ್ಟರಮ್ಮ ಹೇಳಿದ ಮೇಲೆ ಕಾಲು ಚಮಚ ಇಸಬ್ಗೋಲ್, ನೀರಲ್ಲಿ ನೆನೆಸಿ. ಒಣಗಿದ್ದನ್ನೇ ಉದುರಿಸಬೇಡಿ, ನೀರು ಸಾಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ಮನೆ ಊಟದಲ್ಲಿ ಕ್ಯಾಲ್ಸಿಯಂ, ವಿಟಮಿನ್ನು ಬಿಟ್ಟುಹೋಗದ ಹಾಗೆ ಅವರೇ ಒಂದು ಪುಡಿ ಬರೆದುಕೊಟ್ಟರು. ನಾರು ಒಳ್ಳೆಯದು ಅಂತ ಮನೆಯ ಹುಳಿಯನ್ನೇ ಕಲಸಿ ಹಾಕಬೇಡಿ ಮತ್ತೆ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ವಿಷ.

ಐದನೇ ವಾರಕ್ಕೆ ಸ್ಪ್ರೆಡ್‌ಶೀಟಿನಲ್ಲಿ 2, 3 ಕಾಣತೊಡಗಿತು. ಆಮೇಲೆ ಗ್ರಂಥಿ ಖಾಲಿ ಮಾಡಿಸಬೇಕಾಗಿ ಬಂದಿದ್ದು ಐದು ತಿಂಗಳ ನಂತರ, ಒಂದೇ ಸಲ. ಒಂದು ನಾಯಿಯ ಲೆಕ್ಕ ಪುರಾವೆ ಅಲ್ಲ ಅನ್ನೋದು ನನಗೂ ಗೊತ್ತು. ನಾರು ಎಲ್ಲ ನಾಯಿಗೂ ನಾಟುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದರಲ್ಲೂ ಅವರ ಕೈಯಲ್ಲಿ ಮಾರೋಕೆ ಒಂದು ಡಬ್ಬಿ ಇದ್ದರೆ. ಕುಂಬಳದ ಪುಡಿಗೆ ನಾಯಿಯ ಚಿತ್ರ ಅಂಟಿಸಿ ಮಾರುವ ಬೆಲೆಗೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಕುಂಬಳಕಾಯಿಗಳನ್ನೇ ರಾಶಿ ಹಾಕಿಕೊಂಡು ಬರಬಹುದು.

ಮತ್ತೆ, ತೂಕ ಜಾಸ್ತಿ ಇರುವ ನಾಯಿಗೆ ಊಟದ ಅಳತೆ ಇಳಿಸದೆ ಬರೀ ನಾರು ಸೇರಿಸಿ ಉಪಯೋಗವಿಲ್ಲ. ಉಜ್ಜೋದರ ಜೊತೆಗೆ ಪಾದ ನೆಕ್ಕೋದು, ಕಿವಿ ಕೆರೆಯೋದೂ ಇದ್ದರೆ ಅಲರ್ಜಿ ಇರಬಹುದು. ಅದು ಊಟದ್ದೇ ಅಂತ ತಿಳಿಯೋಕೆ ವೈದ್ಯರು ಹೇಳಿದ ಒಂದೇ ಆಹಾರವನ್ನು ಸುಮಾರು ಎಂಟು ವಾರ ಕೊಟ್ಟು ನೋಡಬೇಕು. ಮಧ್ಯೆ ಒಂದು ಬಿಸ್ಕತ್ತು ಬಿದ್ದರೂ ಲೆಕ್ಕ ಕೆಡುತ್ತದೆ.

ಇನ್ನು ಕುಂಬಳಕಾಯಿಯಿಂದ ಆಗದ ಸಂಗತಿಗಳು. ಬಾಲದ ಪಕ್ಕ ಕೆಂಪಗೆ ಊದಿದ್ದರೆ, ರಕ್ತ ಕೀವು ಕಂಡರೆ, ಮುಟ್ಟಿದರೆ ಕಚ್ಚೋಕೆ ಬಂದರೆ ಅವತ್ತೇ ಆಸ್ಪತ್ರೆ, ಇಂಟರ್ನೆಟ್ ಅಲ್ಲ. ವಯಸ್ಸಾದ ನಾಯಿಯಲ್ಲಿ ಒಂದೇ ಕಡೆ ಗಂಟು ಸಿಕ್ಕಿ, ಜೊತೆಗೆ ಬಟ್ಟಲುಗಟ್ಟಲೆ ನೀರು ಕುಡಿಯೋಕೆ ಶುರು ಮಾಡಿದ್ದರೆ ಇನ್ನೂ ಬೇಗ ಹೋಗಿ. ಆ ಚೀಲದಲ್ಲಿ ಕ್ಯಾನ್ಸರ್ ಬರುವುದುಂಟು. ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಬಾಯಾರಿಕೆ ಹೆಚ್ಚುತ್ತದೆ. ತಿಂಗಳು ತಿಂಗಳು ಅಂಗಡಿಯಲ್ಲೇ ಹಿಂಡಿಸಿಕೊಂಡು ಬರುವ ನಾಯಿಗೆ ವೈದ್ಯರ ಬೆರಳು ತಾಗುವುದೇ ಇಲ್ಲ. ನನಗೆ ಆ ಪ್ಯಾಕೇಜಿನ ಮೇಲೆ ಇರುವ ದೊಡ್ಡ ಸಿಟ್ಟು ಇದೇ.

ಗುಂಡನ ವಿಷಯದಲ್ಲಿ ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. "ಮೊಸರನ್ನ ತಿಂದು ಯಾರೋ ಸತ್ತಿದ್ದು ನಾನಂತೂ ಕಂಡಿಲ್ಲಪ್ಪ" ಅಂತಾರೆ. ಒಪ್ಪಂದದ ಪ್ರಕಾರ ಭಾನುವಾರ ಮಾತ್ರ ಎರಡು ಚಮಚ. ಸೋಮವಾರದ ಸಾಲಿನಲ್ಲಿ ನಾನು 4 ಅಂತ ಬರೆದುಕೊಳ್ತೀನಿ.