ತೂತು ತಾಡಪತ್ರಿಯದು, ದಂಡ ಹುಡುಗನಿಗೆ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಊರಿನಲ್ಲಿ ಕೇಳುತ್ತ ಬೆಳೆದವರು ನಾವು. ಅದು ನಗೆಗೆ ಹೇಳಿದ ಮಾತೆಂದು ನಾನು ತಿಳಿದಿದ್ದೆ. ಕಳೆದ ಮಳೆಗಾಲದಲ್ಲಿ ಅದನ್ನು ಕಣ್ಣಾರೆ ಕಂಡೆ.

ನನ್ನ ಖೋಲಿಯಲ್ಲೇ ಇರುವ ಕುಂದಾಪುರ ಕಡೆಯ ಹುಡುಗನೊಬ್ಬ ಉಪನಗರದ ಒಂದು ಹೊಟೇಲಿನಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೆ ಎರಡು ಸಲ ನಸುಕಿನ ಮೂರು ಗಂಟೆಗೆ ಎದ್ದು, ಮಾಲಕರ ಪಿಕಪ್ಪಿನಲ್ಲಿ ವಾಶಿಯ ಮಾರ್ಕೆಟಿಗೆ ಹೋಗಿ, ದಿನಸಿ, ನೀರುಳ್ಳಿ, ಬಟಾಟೆ ಏರಿಸಿಕೊಂಡು ಬರುವುದು ಅವನ ಪಾಲಿನ ಕೆಲಸ. ಜುಲೈ ತಿಂಗಳ ಒಂದು ಬೆಳಗು, ವಾಶಿ ಖಾಡಿಯ ಸೇತುವೆಯ ಮೇಲೆ ಗಾಳಿ ಮಳೆ ಎರಡೂ ಒಟ್ಟಾಗಿ ಹೊಡೆದವು. ಹೊಟೇಲಿಗೆ ಬಂದು ತಾಡಪತ್ರಿ ಬಿಚ್ಚಿ ನೋಡಿದರೆ ಎರಡು ಚೀಲ ರವೆ ಮುದ್ದೆಯಾಗಿದೆ. ಒಂದು ಚೀಲ ಸಕ್ಕರೆ ಪಾಕವಾಗಿ ಸೋರುತ್ತಿದೆ. ಗಲ್ಲೆಯ ಮೇಲಿದ್ದವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ನೀನು ಸರಿಯಾಗಿ ಕಟ್ಟಲಿಲ್ಲ. ಪಗಾರದಲ್ಲಿ ಹಿಡಿಯುತ್ತೇವೆ.”

ಹಿಡಿದರು. ಆ ತಿಂಗಳು ಊರಿಗೆ ಹೋಗಬೇಕಾದ ಹಣ ಅರ್ಧಕ್ಕೆ ಇಳಿಯಿತು. ತಾಯಿ ಫೋನಿನಲ್ಲಿ ಕೇಳಿದಾಗ, “ಮುಂದಿನ ತಿಂಗಳು ಸೇರಿಸಿ ಕಳಿಸುತ್ತೇನೆ ಅಮ್ಮಾ” ಎಂದು ಸುಳ್ಳು ನಗೆ ನಕ್ಕ.

ಯಾರ ತಪ್ಪು? ಹುಡುಗನದೋ, ಹಗ್ಗದ್ದೋ, ಆಕಾಶದ್ದೋ? ಇದನ್ನು ಬಾಯಿಮಾತಿನಲ್ಲಿ ತೀರ್ಮಾನಿಸುವುದು ಬೇಡವೆಂದು, ಮರುವಾರ ಗಾಡಿ ಖಾಲಿ ನಿಂತಾಗ ನಾನೂ, ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರೊಬ್ಬರೂ ಹೋಗಿ ನೋಡಿದೆವು. ಹಿರಿಯರು ತಾಡಪತ್ರಿಯ ಒಳಗೆ ಹೋಗಿ ಕುಳಿತು ಮೇಲೆ ನೋಡಿದರು. ಹಾಡುಹಗಲಲ್ಲಿ ನಕ್ಷತ್ರ ಕಂಡವು! ಸೂಜಿಯ ತೂತುಗಳು, ಸವೆದ ಮಡಿಕೆಗಳು, ಹರಿದ ಕೊನೆಗಳು. ಸೀಮೆಸುಣ್ಣದಿಂದ ಒಂದೊಂದನ್ನೂ ಗುರುತು ಮಾಡಿದರು. ಆಮೇಲೆ ನಾನು ಹೊರಗಿನಿಂದ ಬಾಲ್ದಿಯಲ್ಲಿ ನೀರು ಹೊಯ್ದೆ. ಮೊದಲು ಕೆಳಗಿನ ಅಂಚಿಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ನೆತ್ತಿಗೆ. ಮೊದಲೇ ನೆತ್ತಿಗೆ ಹೊಯ್ದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತಿನಿಂದ ಬಂತೆಂಬುದು ತಿಳಿಯದೆ ಹೋಗುತ್ತದೆ. ನೀರು ಒಳಹೊಗುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಮುಂದಿನ ಹೊಲಿಗೆಯಲ್ಲಿ ಹೊಕ್ಕ ಹನಿ ಕಬ್ಬಿಣದ ಕಮಾನಿನ ಗುಂಟ ಹರಿದು ನಡುವಿನ ಚೀಲದ ಮೇಲೆ ಬೀಳುತ್ತಿತ್ತು. ಚೀಲದ ನೇರಕ್ಕೆ ಮೇಲೆ ತೇಪೆ ಹಾಕಿದವನು ಹಣವನ್ನೂ ತೇಪೆಯನ್ನೂ ಎರಡನ್ನೂ ಕಳೆದುಕೊಂಡಾನು.

ಕಂಡ ದೋಷಗಳು ನಾಲ್ಕು. ಒಂದೊಂದನ್ನೂ ಎದುರಿಗಿಟ್ಟು ಕೇಳುತ್ತೇನೆ, ಇದರಲ್ಲಿ ಹುಡುಗನ ಪಾಲು ಎಷ್ಟು?

ಮೊದಲನೆಯದು, ನಡುವಿನ ತಗ್ಗು. ಕಮಾನುಗಳೆಲ್ಲ ಒಂದೇ ಮಟ್ಟಕ್ಕೆ ಬಾಗಿ ಹೋಗಿವೆ. ಎರಡು ಕಮಾನುಗಳ ನಡುವೆ ತಾಡಪತ್ರಿ ತೊಟ್ಟಿಲಿನಂತೆ ಜೋತುಬಿದ್ದಿದೆ. ಗಾಡಿಯ ಮೈ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲವೆಂದು ಹಿಡಿಯಿರಿ. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 45 ಲೀಟರ್ ನೀರು ಅದರ ಮೇಲೆ ಬೀಳುತ್ತದೆ. ಹರಿದು ಹೋಗಲು ಇಳಿಜಾರಿಲ್ಲದಿದ್ದರೆ ಅಷ್ಟೂ ನೀರು ಅಲ್ಲೇ ನಿಂತು, ತನ್ನ ಭಾರದಿಂದಲೇ ಹೊಲಿಗೆಯ ತೂತುಗಳಲ್ಲಿ ಇಳಿಯುತ್ತದೆ. ಮದ್ದು ಏನು? ನಡುವೆ ಉದ್ದಕ್ಕೆ ಒಂದು ಬಿದಿರು ಗಳವನ್ನೋ ಪೈಪನ್ನೋ ಮೂರು ನಾಲ್ಕು ಅಂಗುಲ ಎತ್ತರಿಸಿ ಕಟ್ಟುವುದು. ನಮ್ಮೂರಿನ ಹಂಚಿನ ಮನೆಯ ಮಾಡಿಗೆ ಇಳಿಜಾರು ಏತಕ್ಕೆ ಇದೆಯೋ, ಇಲ್ಲಿಯೂ ಅದಕ್ಕೇ.

ಎರಡನೆಯದು, ಹೊಲಿಗೆ. ಹಳೆಯ ಕಾಲದ ಹತ್ತಿಯ ಕ್ಯಾನ್ವಾಸು ನೀರು ಕುಡಿದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಈಗಿನ ಪ್ಲಾಸ್ಟಿಕ್ ಲೇಪದ ಬಟ್ಟೆ ಉಬ್ಬುವುದಿಲ್ಲ. ತೂತು ತೂತಾಗಿಯೇ ಉಳಿಯುತ್ತದೆ. ಹೊಲಿಗೆಯ ಮೇಲೆ ಅದೇ ಜಾತಿಯ ಬಟ್ಟೆಯ ಪಟ್ಟಿಯನ್ನು, ಅದಕ್ಕೆ ಹೊಂದುವ ಅಂಟಿನಿಂದ, ಜಾಗವನ್ನು ಒರೆಸಿ ಪೂರಾ ಒಣಗಿಸಿದ ಮೇಲೆ ಅಂಟಿಸಬೇಕು. ಒದ್ದೆಯ ಮೇಲೆ ಅಂಟಿಸಿದ್ದು ಮರುದಿನ ಎದ್ದು ಬರುತ್ತದೆ. ಅಗ್ಗದ ನೀಲಿ ಪ್ಲಾಸ್ಟಿಕ್ ಹಾಳೆಗಂತೂ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ಅದಕ್ಕೆ ಎರಡೂ ಮಗ್ಗುಲಿಗೆ ಅಂಟುಪಟ್ಟಿ ಹಚ್ಚಬೇಕು, ಇಲ್ಲವೇ ಕಾಯಿಸಿ ಬೆಸೆಯಬೇಕು.

ಮೂರನೆಯದು, ಅಂಚು. ತಾಡಪತ್ರಿಯ ಅಳತೆಯೇ ಸಾಲದು. ಅಂಚು ಫಾಲ್ಕಾದ ಹೊರಗೆ ಇಳಿದಿದ್ದರೆ ನೀರು ರಸ್ತೆಗೆ ಬೀಳುತ್ತದೆ. ಇಲ್ಲಿ ಸಾಲದೆ ಬಂದ ಅಂಚನ್ನು ಒಳಗೆ ಸಿಕ್ಕಿಸಿದ್ದರು. ಬಿದ್ದ ನೀರೆಲ್ಲ ದಾರಿ ತೋರಿಸಿಕೊಟ್ಟಂತೆ ಒಳಕ್ಕೇ ಹರಿಯಿತು. ಕ್ಯಾಬಿನ್ನಿನ ಹಿಂದಿನ ಸಂದಿಗೂ ಹಿಂದಿನ ಫಾಲ್ಕಾದ ಸಂದಿಗೂ ಇದೇ ಗತಿ. ಗಾಡಿ ಓಡುವಾಗ ಚಕ್ರದಿಂದ ಎದ್ದ ನೀರು ಹಿಂದುಗಡೆ ಸುಳಿದು ಒಳಗೆ ನುಗ್ಗುತ್ತದೆ. ಅದಕ್ಕೆ ಬೇಕಾದದ್ದು ಒಂದು ರಬ್ಬರು ಪಟ್ಟಿ, ಒಂದು ಮೊಳ ಹೆಚ್ಚಿನ ಬಟ್ಟೆ.

ನಾಲ್ಕನೆಯದು, ನೆಲ. ನೀರು ಹೊರಗೆ ಹೋಗಲೆಂದು ಗಾಡಿಯ ತಳದಲ್ಲಿ ಇದ್ದ ತೂತುಗಳು ನೀರುಳ್ಳಿ ಸಿಪ್ಪೆಯಿಂದ ಮುಚ್ಚಿಹೋಗಿದ್ದವು. ಮೇಲಿನಿಂದ ಬಂದ ನೀರು ಕೆಳಗೆ ಕೆರೆಯಾಯಿತು. ಚೀಲಗಳು ಕೆರೆಯಲ್ಲಿ ಕುಳಿತವು. ತೂತು ಚೊಕ್ಕಟ ಮಾಡಿ, ಎರಡಂಗುಲ ದಪ್ಪದ ಹಲಗೆ ಪಟ್ಟಿಗಳ ಮೇಲೆ ಚೀಲ ಇಟ್ಟಿದ್ದರೆ ಅರ್ಧ ಮಾಲಾದರೂ ಉಳಿಯುತ್ತಿತ್ತು.

ನ್ಯಾಯವಾಗಿ ಹೇಳುತ್ತೇನೆ: ತಳದ ಸಿಪ್ಪೆ ತೆಗೆಯುವುದು ಹುಡುಗನ ಕೆಲಸ. ಅದು ಅವನಿಂದ ತಪ್ಪಿದ್ದು ನಿಜ. ಬಾಗಿದ ಕಮಾನು, ತೂತಾದ ಬಟ್ಟೆ, ಸಾಲದ ಅಳತೆ ಇವು ಯಾರವು? ಗಾಡಿ ಯಾರದೋ ಅವರವು. ಇವೆಲ್ಲದರ ರಿಪೇರಿಗೆ ತಗಲುವ ಖರ್ಚು ಕೆಟ್ಟ ಆ ಮೂರು ಚೀಲಗಳ ಬೆಲೆಗಿಂತ ಕಡಿಮೆ. ಆದರೂ ರಿಪೇರಿ ಆಗಲಿಲ್ಲ. ಏತಕ್ಕೆ? ರಿಪೇರಿಯ ಹಣ ಮಾಲಕರ ಗಲ್ಲೆಯಿಂದ ಹೋಗಬೇಕು. ನಷ್ಟದ ಹಣ ಹುಡುಗನ ಪಗಾರದಿಂದ ಬರುತ್ತದೆ. ಹೀಗಿರುವ ತನಕ ಆ ತೂತನ್ನು ಯಾರು ಮುಚ್ಚಿಯಾರು?

“ಮಳೆಗೆ ನಾವೇನು ಮಾಡುವುದು?” ಎನ್ನುವವರಿದ್ದಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿಯಿತು, ಅಂತಹ ದಿನ ಯಾರೂ ಯಾರನ್ನೂ ದೂರುವಂತಿಲ್ಲ. ಆದರೆ ಮುಂಬಯಿಯ ಮಳೆಗಾಲ ಹೇಳದೆ ಬರುವ ನೆಂಟನಲ್ಲ. ಪ್ರತಿ ವರ್ಷ, ಹೆಚ್ಚಾಗಿ ಜೂನಿನಲ್ಲಿ, ಬರುತ್ತದೆ, ಸಾಮಾನ್ಯವಾಗಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿದು ಹೋಗುತ್ತದೆ. ಮೇ ತಿಂಗಳಲ್ಲಿ ಹೊಟೇಲಿನ ಮಾಡಿನ ಮೇಲೆ ಹಾಳೆ ಹೊದಿಸಲು ನೆನಪಾಗುವವರಿಗೆ ಗಾಡಿಯ ತಾಡಪತ್ರಿ ಮಾತ್ರ ಏಕೆ ಮರೆತುಹೋಗುತ್ತದೆ?

ಗಿರಣಿಯ ಹಿರಿಯರು ಅಂದು ಒಂದು ಮಾತು ಹೇಳಿದರು. ಮುಂಬಯಿಯ ಗಿರಣಿಗಳಲ್ಲಿ ಒಂದು ಕಾಲಕ್ಕೆ, ನೆಯ್ಗೆಯಲ್ಲಿ ಕೆಟ್ಟ ಬಟ್ಟೆಯನ್ನು ನೇಕಾರನ ಕೊರಳಿಗೇ ಕಟ್ಟಿ ಅದರ ಬೆಲೆಯನ್ನು ಪಗಾರದಿಂದ ಮುರಿದುಕೊಳ್ಳುತ್ತಿದ್ದರು. ನೂಲು ಕೆಟ್ಟದ್ದೋ, ಮಗ್ಗ ಹಳೆಯದೋ ಎಂದು ಕೇಳುವವರಿರಲಿಲ್ಲ. ಕಾರ್ಮಿಕರು ಅದರ ವಿರುದ್ಧ ದನಿ ಎತ್ತಿದರು. ಪಗಾರದಲ್ಲಿ ಮನಬಂದಂತೆ ಹಿಡಿಯುವುದಕ್ಕೆ 1936ರ ವೇತನ ಪಾವತಿ ಕಾಯಿದೆ ಕಡಿವಾಣ ಹಾಕಿತು. ಅಂದಿನ ಕೆಟ್ಟ ಬಟ್ಟೆಯೇ ಇಂದು ಒದ್ದೆ ರವೆಯ ವೇಷದಲ್ಲಿ ಬಂದಿದೆ, ಅಷ್ಟೇ ಅಂತರ.

ಆ ಕಾಯಿದೆಯಲ್ಲಿ ಇದ್ದ ಮಾತನ್ನೇ 2019ರ ವೇತನ ಸಂಹಿತೆಯೂ ಹೇಳುತ್ತದೆ. ಕೆಟ್ಟ ಮಾಲಿಗಾಗಿ ಪಗಾರದಲ್ಲಿ ಹಿಡಿಯಬೇಕಾದರೆ, ಆ ಮಾಲನ್ನು ಕಾಯಲು ಸ್ಪಷ್ಟವಾಗಿ ಅವನಿಗೇ ಒಪ್ಪಿಸಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಹಿಡಿಯುವ ಮೊದಲು ಅವನ ಸಮಾಧಾನವನ್ನು ಕೇಳಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು. ನಮ್ಮ ಹುಡುಗನನ್ನು ಯಾರು ಕೇಳಿದರು? ಗಲ್ಲೆಯ ಮೇಲಿಂದ ಬಿದ್ದ ಒಂದು ಮಾತೇ ಆರೋಪ, ಅದೇ ವಿಚಾರಣೆ, ಅದೇ ಶಿಕ್ಷೆ!

ಬಾಂಧವರೇ, ನಮ್ಮ ಕಡೆಯ ಕರ್ತವ್ಯವನ್ನೂ ಮರೆಯುವುದು ಬೇಡ. ಗಾಡಿ ಏರುವವನು ಮೇ ತಿಂಗಳಲ್ಲೇ ಒಳಗೆ ಕುಳಿತು ನಕ್ಷತ್ರ ಎಣಿಸಲಿ. ಕಂಡ ದೋಷವನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಚೀಟಿಯಲ್ಲಿ ಬರೆದು, ತಾರೀಖು ಹಾಕಿ ಕೊಡಲಿ. ಅದರ ಇನ್ನೊಂದು ಪ್ರತಿ, ಇಲ್ಲವೇ ಫೋನಿನಲ್ಲಿ ಅದರ ಚಿತ್ರ, ತನ್ನ ಹತ್ತಿರ ಇರಲಿ. ತಳದ ತೂತು ಚೊಕ್ಕಟವಾಗಿಡಲಿ, ಚೀಲವನ್ನು ಹಲಗೆಯ ಮೇಲೆ ಏರಿಸಲಿ, ತಾಡಪತ್ರಿಯ ಅಂಚು ಹೊರಗಿರುವಂತೆ ಕಟ್ಟಲಿ. ನೈಲಾನು ಹಗ್ಗ ಒದ್ದೆಯಾದರೆ ಸಡಿಲುತ್ತದೆ. ನಡುದಾರಿಯಲ್ಲಿ ಒಮ್ಮೆ ಬಿಗಿಯಲಿ. ಇಷ್ಟು ಮಾಡಿದವನು ತಲೆ ಎತ್ತಿ ಉತ್ತರ ಹೇಳಬಲ್ಲ. ಇಷ್ಟರ ಮೇಲೂ ಪಗಾರಕ್ಕೆ ಕತ್ತರಿ ಬಿದ್ದರೆ, ಒಬ್ಬನೇ ಕುಳಿತು ಅಳದೆ ಸಂಘದ ಬಾಗಿಲಿಗೆ ಬರಲಿ.

ಮಾಲಕರಿಗೂ ಒಂದು ವಿನಂತಿ. ನಿಮ್ಮಲ್ಲಿ ಎಷ್ಟೋ ಮಂದಿ ಗ್ಲಾಸು ತೊಳೆದು ಮೇಲೆ ಬಂದವರು. ಒಡೆದ ಗ್ಲಾಸಿಗೆ ಪಗಾರ ಹಿಡಿದಾಗ ಹೊಟ್ಟೆ ಹೇಗೆ ಉರಿಯುತ್ತದೆಂಬುದು ನಿಮಗೆ ಗೊತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ಗಾಡಿಯ ತಾಡಪತ್ರಿಯನ್ನು ಒಮ್ಮೆ ಬಿಡಿಸಿ ನೋಡಿ. ತೂತು ಮುಚ್ಚಬೇಕಾದದ್ದು ಬಟ್ಟೆಯಿಂದ, ಅಂಟಿನಿಂದ, ಹುಡುಗನ ಪಗಾರದಿಂದಲ್ಲ.